ಎಕ್ಸ್ ಎಂಬ ಸುಳ್ಳಳತೆ

"ಎಷ್ಟು ಎಕ್ಸ್ ಐತ್ರೀ ಇದು?" ಹಂಪಿ, ಹೊಸಪೇಟೆ ಕಡೆ ಯಾರ ಕೊರಳಲ್ಲಾದರೂ ದುರ್ಬೀನು ಕಂಡರೆ, ಹೆಗಲಲ್ಲಿ ಉದ್ದ ಲೆನ್ಸಿನ ಕ್ಯಾಮೆರಾ ಕಂಡರೆ, ಏರ್‌ಗನ್ನಿನ ಮೇಲೆ ಕೂರಿಸಿದ ಸ್ಕೋಪು ಕಂಡರೆ ಮೊದಲು ಬರುವ ಪ್ರಶ್ನೆ ಇದೇ. ಎಂಟು ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಇಪ್ಪತ್ತನಾಲ್ಕು ಎಂದರೆ ಹುಬ್ಬು ಮೇಲೇರುತ್ತದೆ. ಮಾರುವವರೂ ಸ್ಕೋಪುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿಟ್ಟು ತೋರಿಸುತ್ತಾರೆ: ಕೆಳಗೆ ನಾಲ್ಕು ಎಕ್ಸ್, ಅದರ ಮೇಲೆ ಒಂಬತ್ತು, ತುದಿಯಲ್ಲಿ ಇಪ್ಪತ್ತನಾಲ್ಕು, ಮೂವತ್ತೆರಡು. ದುಡ್ಡಿದ್ದವರು ಮೇಲೆ ಹತ್ತಬೇಕು, ಇಲ್ಲದವರು ಕೆಳಗೇ ನಿಲ್ಲಬೇಕು. ದೊಡ್ಡದಾಗಿ ಕಂಡದ್ದೇ ಚೆನ್ನಾಗಿ ಕಂಡದ್ದು, ಚೆನ್ನಾಗಿ ಕಂಡದ್ದಕ್ಕೆ ಗುರಿ ತಪ್ಪುವುದಿಲ್ಲ ಎಂಬ ನಂಬಿಕೆ ಈ ಏಣಿಯನ್ನು ಹೊತ್ತು ನಿಂತಿದೆ.

ಈ ನಂಬಿಕೆ ತಪ್ಪು. ಬೇಟೆಯ ಇತಿಹಾಸ ನೋಡಿದರೂ ತಪ್ಪು, ದೂರದ ಗುರಿಯ ಕ್ರೀಡೆ ನೋಡಿದರೂ ತಪ್ಪು, ಬರೀ ನೋಡುವುದಕ್ಕಾದರೂ ತಪ್ಪು. ಕರಡಿ, ನೀರುನಾಯಿ, ಚಿರತೆಗಳ ನಡುವೆ ಊರು, ಹೊಲ, ಗದ್ದೆಗಳಿರುವ ನಮ್ಮ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಇದು ತಪ್ಪಷ್ಟೇ ಆಗಿ ಉಳಿಯುವುದಿಲ್ಲ, ಅಪಾಯವೂ ಆಗುತ್ತದೆ.

ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೇ ಮೊದಲು ಓದೋಣ. 6-24×50 ಎಂದು ಅಚ್ಚಾಗಿದ್ದರೆ, ಬಿಂಬವನ್ನು ಆರರಿಂದ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಬಹುದು, ಮುಂದಿನ ಗಾಜಿನ ಅಡ್ಡಳತೆ 50 ಮಿಲಿಮೀಟರ್ ಎಂದರ್ಥ. ಕೊಳ್ಳುವವರು ಮೊದಲಿನ ಸಂಖ್ಯೆಗಳನ್ನು ನೋಡಿ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಕಣ್ಣಿಗೆ ಎಷ್ಟು ಬೆಳಕು ತಲುಪುತ್ತದೆ ಎಂಬುದು ಗೊತ್ತಾಗಬೇಕಾದರೆ ಎರಡನ್ನೂ ಸೇರಿಸಿ ಓದಬೇಕು. ಮುಂದಿನ ಗಾಜಿನ ಅಡ್ಡಳತೆಯನ್ನು ಎಕ್ಸ್‌ನಿಂದ ಭಾಗಿಸಿದರೆ ಹಿಂದಿನ ಗಾಜಿನಿಂದ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ದುರ್ಬೀನನ್ನು ತೋಳುದ್ದ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಈ ಬಿಲ್ಲೆ ಕಣ್ಣಿಗೇ ಕಾಣುತ್ತದೆ. 8×42 ದುರ್ಬೀನಿನಲ್ಲಿ ಅದು ಐದು ಮಿಲಿಮೀಟರಿಗೂ ತುಸು ಹೆಚ್ಚು. 24 ಎಕ್ಸ್‌ಗೆ ತಿರುಗಿಸಿಟ್ಟ ಆ ದುಬಾರಿ ಸ್ಕೋಪಿನಲ್ಲಿ ಎರಡೇ ಎರಡು ಮಿಲಿಮೀಟರ್, ಸಾಸಿವೆ ಕಾಳಿನಷ್ಟು.

ನಡುಹಗಲಿನಲ್ಲಿ ಎರಡು ಮಿಲಿಮೀಟರ್ ಸಾಕು. ಬಿಸಿಲಿಗೆ ನಮ್ಮ ಕಣ್ಣಿನ ಪಾಪೆಯೂ ಅಷ್ಟೇ ಕಿರಿದಾಗಿರುತ್ತದೆ. ಸಂಜೆಗತ್ತಲಲ್ಲಿ ಹರೆಯದವರ ಪಾಪೆ ಏಳು ಮಿಲಿಮೀಟರಿನವರೆಗೆ ಅರಳುತ್ತದೆ, ಐವತ್ತು ದಾಟಿದವರದು ಐದರ ಆಸುಪಾಸಿಗೆ ನಿಲ್ಲುತ್ತದೆ. ಅಷ್ಟು ಅರಳಿದ ಕಣ್ಣಿಗೆ ಎರಡು ಮಿಲಿಮೀಟರಿನ ಬೆಳಕು ಕೊಟ್ಟರೆ ಕಾಣುವುದು ದೊಡ್ಡದಾದ ಕತ್ತಲೆ ಮಾತ್ರ. ನಮ್ಮ ಸೀಮೆಯ ಪ್ರಾಣಿಗಳಾದರೋ ಹೊರಗೆ ಬರುವುದೇ ಆ ಹೊತ್ತಿಗೆ.

ದರೋಜಿಗೆ ಬನ್ನಿ. 1994ರಲ್ಲಿ ಘೋಷಿತವಾದ ಈ ಕರಡಿಧಾಮಕ್ಕೆ 2009ರಲ್ಲಿ ಬುಕ್ಕಸಾಗರದ ಕಾಡೂ ಸೇರಿ ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರ್ ಆಯಿತು. ಮಧ್ಯಾಹ್ನದ ಹೊತ್ತಿಗೆ ಅರಣ್ಯ ಸಿಬ್ಬಂದಿ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಎದುರಿನ ವೀಕ್ಷಣಾ ಗೋಪುರದಲ್ಲಿ ಕುಳಿತವರು ಕಾಯುತ್ತಾರೆ. ಬಿಸಿಲು ಇಳಿದಂತೆ ಗವಿಗಳಿಂದ ಕರಡಿಗಳು ಒಂದೊಂದಾಗಿ ಬಂಡೆಗೆ ಬರುತ್ತವೆ. ಕಪ್ಪು ಮೈ, ಕಂದು ಬಂಡೆ, ಆರುತ್ತಿರುವ ಬೆಳಕು. ಹೆಚ್ಚು ಎಕ್ಸ್‌ನ ಕೊಳವೆಗೆ ಕಣ್ಣಿಟ್ಟವರಿಗೆ ಒಂದು ಕರಿಮುದ್ದೆ ಕಾಣುತ್ತದೆ. ಪಕ್ಕದಲ್ಲಿ 8×42 ಹಿಡಿದವರಿಗೆ ಅದರ ಎದೆಯ ಮೇಲಿನ ಬಿಳಿ ಗೆರೆ ಕಾಣುತ್ತದೆ, ಬಂಡೆಯ ಸಂದಿಯಲ್ಲಿ ಹುದುಗಿಸಿದ ಮೂತಿ ಕಾಣುತ್ತದೆ, ಬೆಲ್ಲ ನೆಕ್ಕುವ ನಾಲಿಗೆಯೂ ಕಾಣುತ್ತದೆ. ಮೂರು ಪಟ್ಟು ಚಿಕ್ಕ ಬಿಂಬದಲ್ಲಿ ಹೆಚ್ಚು ಸಂಗತಿಗಳು ಕಾಣುತ್ತವೆ, ಏಕೆಂದರೆ ಅಲ್ಲಿ ಬೆಳಕಿದೆ.

ನೋಟದ ಹರವಿನ ಮಾತು ಇದಕ್ಕಿಂತ ದೊಡ್ಡದು. 24 ಎಕ್ಸ್‌ನಲ್ಲಿ ನೂರು ಮೀಟರ್ ದೂರದಲ್ಲಿ ಸ್ಕೋಪಿನೊಳಗೆ ಹಿಡಿಯುವ ಜಾಗ ಸುಮಾರು ಒಂದೂವರೆ ಮೀಟರ್ ಅಗಲ. ಬೆಳೆದ ಕರಡಿಯ ಮೈಯುದ್ದವೇ ಒಂದೂವರೆ ಮೀಟರಿಗೂ ಹೆಚ್ಚು. ಅಂದರೆ ಕರಡಿಯೂ ಪೂರ್ತಿ ಕಾಣುವುದಿಲ್ಲ, ರೋಮದ ಒಂದು ತುಂಡು ಕಾಣುತ್ತದೆ. ನಮ್ಮ ಕರಡಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಪ್ರಾಣಿ. ಬೆನ್ನ ಮೇಲಿನ ಮರಿ, ಹಿಂದೆ ಪೊದೆಯಲ್ಲಿ ನಿಂತ ಇನ್ನೊಂದು ಕರಡಿ, ಅದರಾಚೆ ಕುರಿ ಹೊಡೆದುಕೊಂಡು ಬರುತ್ತಿರುವ ಕುರುಬ, ಇವೆಲ್ಲ ಆ ಒಂದೂವರೆ ಮೀಟರಿನ ಹೊರಗೇ ಉಳಿದುಬಿಡುತ್ತವೆ. ಇದೇ ದೂರದಲ್ಲಿ 8×42 ದುರ್ಬೀನು ಹದಿಮೂರು ಮೀಟರಿನಷ್ಟು ಅಗಲವನ್ನು ತೋರಿಸುತ್ತದೆ. ನೋಡುವವನಿಗೆ ಇದು ಆನಂದದ ವಿಷಯ. ಕೈಯಲ್ಲಿ ಬಂದೂಕು ಇರುವವನಿಗೆ ಪ್ರಾಣದ ವಿಷಯ. ಗುರಿಯ ಹಿಂದೆ ಯಾರಿದ್ದಾರೆ ಎಂದು ತಿಳಿಯದೆ ಕುದುರೆ ಎಳೆಯುವವನಿಗಿಂತ ಕುರುಡ ಇನ್ನಾರು?

ಕೈ ನಡುಕವನ್ನೂ ಎಕ್ಸ್ ಬಿಡುವುದಿಲ್ಲ. ಬಿಂಬ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿದರೆ ನಡುಕವೂ ಅಷ್ಟೇ ಹಿಗ್ಗುತ್ತದೆ. ಉಸಿರು, ನಾಡಿಬಡಿತ ಎಲ್ಲವೂ ಅಡ್ಡಗೆರೆಯ ಮೇಲೆ ಕುಣಿಯುತ್ತವೆ. ಮರಳುಚೀಲದ ಮೇಲೆ ಕೋವಿ ಊರಿದರೆ ಕೈ ನಿಲ್ಲುತ್ತದೆ. ಆದರೆ ಗಾಳಿ? ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಹಂಪಿಯ ಬಂಡೆಗಳು ಹಗಲೆಲ್ಲ ಕಾದು ಸಂಜೆಯವರೆಗೂ ಝಳ ಬಿಡುತ್ತಿರುತ್ತವೆ. ಆ ಝಳದಲ್ಲಿ ಗಾಳಿಯ ಪದರುಗಳು ಅಲೆಯಲೆಯಾಗಿ ಏಳುತ್ತವೆ, ಬೆಳಕು ಅವುಗಳಲ್ಲಿ ಬಾಗಿ ಬಾಗಿ ಬರುತ್ತದೆ. ಸಾವಿರ ಮೀಟರ್ ಆಚೆಗಿನ ವಸ್ತು ನೀರಿನೊಳಗೆ ಅಲುಗಿದಂತೆ ಕಾಣುತ್ತದೆ. ಗಾಜು ಎಷ್ಟೇ ಉತ್ತಮವಾಗಿರಲಿ, ಕಣ್ಣಿಗೂ ವಸ್ತುವಿಗೂ ನಡುವಿನ ಗಾಳಿ ಕಲಕಿದ್ದರೆ ಹೆಚ್ಚಿನ ಎಕ್ಸ್ ಆ ಕಲಕನ್ನೇ ಹಿಗ್ಗಿಸಿ ಕೊಡುತ್ತದೆ. ತುಂಗಭದ್ರಾ ಹಿನ್ನೀರಿನ ಆಚೆ ದಡದ ಹಕ್ಕಿಯನ್ನು ನಡುಹಗಲಲ್ಲಿ ಉದ್ದ ಲೆನ್ಸಿನಲ್ಲಿ ತೆಗೆದು, ಚಿತ್ರ ಮಸುಕಾಯಿತೆಂದು ಕ್ಯಾಮೆರಾವನ್ನು ಬಯ್ಯುವವರು ಗಾಳಿಯನ್ನು ನೋಡುವುದನ್ನು ಕಲಿಯಬೇಕು.

"ಹಾಗಾದರೆ ಸಾವಿರ ಗಜದ ಗುರಿ ಹೊಡೆಯುವವರು ನಲವತ್ತು ಎಕ್ಸ್ ಸ್ಕೋಪು ಯಾಕೆ ಬಳಸುತ್ತಾರೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ನೇರವಾಗಿಯೇ ಉತ್ತರಿಸಬೇಕು. ಎಫ್‌-ಕ್ಲಾಸ್ ಎಂಬ ಸ್ಪರ್ಧೆಯಲ್ಲಿ ಅಂಥ ಸ್ಕೋಪುಗಳು ಇವೆ, ಅಲ್ಲಿ ಅವುಗಳಿಗೆ ಕೆಲಸವೂ ಇದೆ. ಗುರಿಗಾರ ನೆಲಕ್ಕೆ ಮಲಗಿರುತ್ತಾನೆ, ಕೋವಿ ಆಸರೆಯ ಮೇಲಿರುತ್ತದೆ, ಗುರಿಹಲಗೆ ಅಲುಗುವುದಿಲ್ಲ, ದೂರ ಮೊದಲೇ ಅಳೆದಿರುತ್ತದೆ, ಬೆಳಕು ಹಗಲಿನದು. ಇಷ್ಟೆಲ್ಲ ಕೂಡಿಬಂದಾಗ ಎಕ್ಸ್ ಉಪಯೋಗಕ್ಕೆ ಬರುತ್ತದೆ. ಆ ಗುರಿಗಾರರೂ ಝಳ ಹೆಚ್ಚಿದಾಗ ಎಕ್ಸ್ ಇಳಿಸುತ್ತಾರೆ. ಅದೇ ಸಾವಿರ ಗಜದಲ್ಲಿ ಪಾಲ್ಮಾ ಎಂಬ ಇನ್ನೊಂದು ಸ್ಪರ್ಧೆ ನಡೆಯುತ್ತದೆ. 1876ರಲ್ಲಿ ಶುರುವಾದ ಆ ಸ್ಪರ್ಧೆಯ ಗುರಿಗಾರರು ಇಂದಿಗೂ ಕೋವಿಯ ಮೇಲೆ ಸ್ಕೋಪು ಕೂರಿಸದೆ, ಲೋಹದ ತೂತಿನೊಳಗಿಂದ ನೋಡಿ ಎಂಟುನೂರು, ಒಂಬೈನೂರು, ಸಾವಿರ ಗಜ ಹೊಡೆಯುತ್ತಾರೆ. ದೂರಕ್ಕೆ ಎಕ್ಸ್ ಅನಿವಾರ್ಯ ಎಂಬ ವಾದ ಅಲ್ಲಿಗೇ ಮುಗಿಯಿತು.

ಸಾವಿರ ಗಜದಲ್ಲಿ ಗುರಿ ಕೆಡಿಸುವುದು ಬಿಂಬದ ಗಾತ್ರವಲ್ಲ ಎಂಬುದಕ್ಕೆ ಲೆಕ್ಕವೂ ಇದೆ. ನೂರು ಗಜಕ್ಕೆ ಹೊಂದಿಸಿದ .308 ಕೋವಿಯ ಗುಂಡು ಸಾವಿರ ಗಜ ಮುಟ್ಟುವಷ್ಟರಲ್ಲಿ ಸುಮಾರು ಹತ್ತು ಮೀಟರ್ ಕೆಳಗಿಳಿದಿರುತ್ತದೆ. ಗಂಟೆಗೆ ಹದಿನಾರು ಕಿಲೋಮೀಟರಿನ ಅಡ್ಡಗಾಳಿಗೆ ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ದಾರಿಗೆ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಈ ಇಳಿತ, ಈ ಸರಿತ ತಿಳಿದು ಸ್ಕೋಪಿನ ಗೆರೆ ಸರಿಸುವ ತಿರುಗುಗುಂಡಿಯನ್ನು ಸರಿಯಾದ ಲೆಕ್ಕಕ್ಕೆ ತಿರುಗಿಸುವವನೇ ಗುರಿಗಾರ. ಆದ್ದರಿಂದ ದೂರದ ಸ್ಕೋಪುಗಳನ್ನು ಹೋಲಿಸಬೇಕೆಂದರೆ ಕೇಳಬೇಕಾದ್ದು ಬೇರೆ: ತಿರುಗುಗುಂಡಿಯ ಪ್ರತಿ 'ಟಿಕ್' ನಿಜವಾಗಿ ಒಂದೇ ಅಳತೆಗೆ ಸರಿಯುತ್ತದೆಯೇ? ನೂರು ಮೀಟರಿಗೆ ಏಳು ಮಿಲಿಮೀಟರ್ ಸರಿಸುತ್ತೇನೆ ಎಂದದ್ದು ಏಳನ್ನೇ ಸರಿಸುತ್ತದೆಯೇ? ಹತ್ತು ಸಲ ತಿರುಗಿಸಿ ಹತ್ತು ಸಲ ಹಿಂದೆ ತಂದರೆ ಮೊದಲಿನ ಜಾಗಕ್ಕೇ ಬರುತ್ತದೆಯೇ? ಕಣ್ಣು ತುಸು ಆಚೀಚೆ ಸರಿದರೆ ಗೆರೆಯೂ ಗುರಿಯ ಮೇಲಿಂದ ಸರಿಯುತ್ತದೆಯೇ? ಪೆಟ್ಟಿಗೆಯ ಮೇಲೆ ಈ ಯಾವುದೂ ಅಚ್ಚಾಗಿರುವುದಿಲ್ಲ.

ಭಾರತದ ರೈಫಲ್ ಕ್ರೀಡೆಯ ಶಿಖರವೇ ಎಕ್ಸ್ ಇಲ್ಲದ ಶಿಖರ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದಾಗ ಕೋವಿಯ ಮೇಲೆ ಸ್ಕೋಪು ಇರಲಿಲ್ಲ. ಆ ಸ್ಪರ್ಧೆಯಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಹತ್ತು ಅಂಕದ ಗುರಿ ಅರ್ಧ ಮಿಲಿಮೀಟರಿನ ಚುಕ್ಕಿ. ಅದನ್ನು ತೂತಿನೊಳಗಿಂದ ನೋಡಿ, ಕೊನೆಯ ಗುಂಡಿಗೆ 10.8 ಗಳಿಸಿ ಗೆದ್ದರು. ನಮ್ಮ ಹುಡುಗರು ಹತ್ತು ಮೀಟರಿನ ಏರ್‌ಗನ್ನಿಗೆ 24 ಎಕ್ಸ್ ಕೊಳ್ಳುವ ಮುನ್ನ ಈ ಒಂದು ಸಂಗತಿಯನ್ನು ನೆನೆದರೆ ಸಾಕು. ಅದೂ ಅಲ್ಲದೆ ಅಗ್ಗದ ಸ್ಕೋಪುಗಳ ಸರಿನೋಟ ನೂರು ಗಜಕ್ಕೆ ಬಿಗಿದಿರುತ್ತದೆ. ಹತ್ತು ಮೀಟರಿಗೆ ಅದರಲ್ಲಿ ಮಸುಕು ಕಾಣುತ್ತದೆ, ಗೆರೆ ಗುರಿಯ ಮೇಲೆ ನಿಲ್ಲುವುದಿಲ್ಲ. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಅದಕ್ಕೆಂದೇ ಮಾಡದ ಸ್ಕೋಪಿನ ಒಳಗಾಜುಗಳು ಆ ಒದೆತಕ್ಕೆ ಸಡಿಲವಾಗುತ್ತವೆ.

ಬೇಟೆಯ ವಿಷಯದಲ್ಲೂ ಎಕ್ಸ್‌ನ ಹೊಗಳಿಕೆ ನಿಲ್ಲುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ಕನ್ನಡಿಗರ ಮನೆಮಾತಾದ ಕೆನೆತ್ ಆಂಡರ್ಸನ್ ಬಳಸಿದ್ದು .405 ವಿಂಚೆಸ್ಟರ್. ಜಿಮ್ ಕಾರ್ಬೆಟ್ ನೆಚ್ಚಿಕೊಂಡಿದ್ದು .275 ರಿಗ್ಬಿ. ಎರಡೂ ಬರಿಗಣ್ಣಿನ ಕೋವಿಗಳು. ನರಭಕ್ಷಕಗಳನ್ನು ಅವರು ಹೊಡೆದದ್ದು ಹೆಜ್ಜೆಗುರುತು ಓದಿ, ಗಾಳಿಯ ದಿಕ್ಕು ನೋಡಿ, ಮಂಗ ಮತ್ತು ನವಿಲಿನ ಕೂಗು ಕೇಳಿ, ಹತ್ತಿರ ಹೋಗಿ. ಕಾಡು ಬಲ್ಲವರಿಗೆ ದೂರ ಬೇಕಾಗಿರಲಿಲ್ಲ. ದೂರದಿಂದ ಹೊಡೆಯುವುದನ್ನು ಬೇಟೆಯ ಜಾಣ್ಮೆ ಎಂದು ಮಾರುವ ಜಾಹೀರಾತು ಆ ಜಾಣ್ಮೆಯನ್ನೇ ಅಳಿಸುತ್ತದೆ.

ಇನ್ನು ನಮ್ಮ ದೇಶದಲ್ಲಿ ಬೇಟೆಯ ಸ್ಕೋಪು ಎಂಬ ಹೋಲಿಕೆಗೇ ನೆಲೆಯಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಬೇಟೆಯ ಸಾಲುಗಳಿವೆ, ಅವು ಅರಸರ ಕಾಲದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂಬತ್ತನೇ ಕಲಮು ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಅಟ್ಟಿಕೊಂಡು ಹೋಗುವುದು, ಇವುಗಳಿಗೆ ಪ್ರಯತ್ನಿಸುವುದೂ ಕಾಯ್ದೆಯ ಕಣ್ಣಲ್ಲಿ ಬೇಟೆಯೇ. ಕರಡಿ ಮೊದಲ ಅನುಸೂಚಿಯ ಪ್ರಾಣಿ, ಅದನ್ನು ಹೊಡೆದರೆ ಮೂರರಿಂದ ಏಳು ವರ್ಷ ಜೈಲು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಕಾಗೆ ಇಲಿಗಳನ್ನು 'ಪೀಡೆ' ಎಂದು ಪಟ್ಟಿ ಮಾಡಿದ್ದ ಹಳೆಯ ಐದನೇ ಅನುಸೂಚಿಯೇ ಇಲ್ಲವಾಗಿದೆ. 4.5 ಮಿಲಿಮೀಟರಿನ, 20 ಜೂಲ್ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬುದನ್ನೇ ಹಿಡಿದುಕೊಂಡು ಬೆಳವ, ಗೌಜಲಕ್ಕಿಗಳಿಗೆ ಗುರಿಯಿಡುವವರು ತಿಳಿಯಬೇಕು: ವಿನಾಯಿತಿ ಇರುವುದು ಗನ್ನು ಇಟ್ಟುಕೊಳ್ಳಲು, ಹಕ್ಕಿ ಹೊಡೆಯಲು ಅಲ್ಲ.

ರೈತರ ಕಷ್ಟವನ್ನು ಈ ವಾದದಲ್ಲಿ ಬದಿಗಿಡಲು ಸಾಧ್ಯವಿಲ್ಲ. ಕಂಪ್ಲಿಯ ಬಾಳೆ, ಕಬ್ಬಿನ ತೋಟಗಳಿಗೆ, ಸಂಡೂರಿನ ಮೆಕ್ಕೆಜೋಳದ ಹೊಲಗಳಿಗೆ ಹಂದಿ ಬರುತ್ತದೆ, ಕರಡಿಯೂ ಬರುತ್ತದೆ. ನಸುಕಿನಲ್ಲಿ ನೀರು ಹಾಯಿಸಲು ಹೋದವರ ಮೇಲೆ ಕರಡಿ ಬಿದ್ದರೆ ಮುಖವೇ ಕಿತ್ತುಹೋಗುತ್ತದೆ. ಆ ಭಯ ನಿಜ, ನಷ್ಟ ನಿಜ, ಪರಿಹಾರದ ಹಣ ಬೇಗ ಕೈಸೇರಬೇಕೆಂಬ ಸಿಟ್ಟೂ ನ್ಯಾಯ. ಆದರೆ "ಒಳ್ಳೇ ಸ್ಕೋಪಿನ ಕೋವಿ ಕೊಟ್ರೆ ಎಲ್ಲಾ ಸರಿಹೋಗ್ತದೆ" ಎಂಬ ಮಾತು ಆ ರೈತನಿಗೆ ಕೊಡುವ ಸುಳ್ಳು ಧೈರ್ಯ. ರಾತ್ರಿ, ಎದೆಯೆತ್ತರದ ಬೆಳೆ, ಹತ್ತಾರು ಅಡಿ ದೂರ, ನುಗ್ಗುವ ಪ್ರಾಣಿ: ಇಲ್ಲಿ ಕಿರಿದಾದ ಕೊಳವೆಗೆ ಕಣ್ಣಿಟ್ಟವನು ಪ್ರಾಣಿಯನ್ನು ಹುಡುಕುವಷ್ಟರಲ್ಲಿ ಅದು ಅವನ ಮೇಲೇ ಬಂದಿರುತ್ತದೆ. ಗಾಯಗೊಂಡು ಕಬ್ಬಿನೊಳಗೆ ಸೇರಿದ ಕರಡಿ ಮರುದಿನ ಕಟಾವಿಗೆ ಬರುವ ಕೂಲಿಯವರ ಪಾಲಿಗೆ ಇನ್ನೂ ದೊಡ್ಡ ಅಪಾಯ. ಪ್ರಾಣಿಯ ಓಡಾಟದ ದಾರಿ, ಹೊತ್ತು, ಮರಿಗಳಿವೆಯೇ ಎಂಬುದನ್ನು ಮೊದಲೇ ನೋಡಿ ತಿಳಿದವರು ಆ ದಾರಿಯಿಂದ ದೂರ ಇರುತ್ತಾರೆ, ದೀಪ ಹಿಡಿದು ಜೊತೆಗೂಡಿ ಹೋಗುತ್ತಾರೆ. ನೋಟ ಪ್ರಾಣ ಉಳಿಸುವುದು ಹಾಗೆ.

"ಜೂಮ್ ಇದೆಯಲ್ಲ, ಬೇಡವಾದಾಗ ಇಳಿಸಿಕೊಂಡರಾಯಿತು" ಎಂಬುದು ಎಕ್ಸ್ ಪಕ್ಷದವರ ಕೊನೆಯ ವಾದ. ಇಳಿಸಿದರೂ 6-24ರ ಸ್ಕೋಪು ಆರಕ್ಕಿಂತ ಕೆಳಗೆ ಬರುವುದಿಲ್ಲ, ಹತ್ತಿರದ ಗುರಿಗೆ ಆರೂ ಹೆಚ್ಚೇ. ಒಳಗಿನ ಗಾಜುಗಳು ಹೆಚ್ಚಿದಷ್ಟು ತೂಕ ಹೆಚ್ಚು, ಅದೇ ಬೆಲೆಯಲ್ಲಿ ಪ್ರತಿ ಗಾಜಿನ ಗುಣ ಕಡಿಮೆ. ಎರಡನೇ ನಾಭಿತಲದಲ್ಲಿ, ಅಂದರೆ ಹಿಂದಿನ ಗಾಜಿನ ಕಡೆ, ಗೆರೆ ಕೂರಿಸಿದ ಸ್ಕೋಪಿನಲ್ಲಿ ಗೆರೆಯ ಅಳತೆಗಳು ಒಂದೇ ಎಕ್ಸ್‌ಗೆ ಸರಿ, ಉಳಿದೆಡೆ ಸುಳ್ಳು. ಎಲ್ಲಕ್ಕಿಂತ ಮಿಗಿಲಾಗಿ, ಹೆಚ್ಚು ಎಕ್ಸ್‌ಗಾಗಿಯೇ ದುಡ್ಡು ಕೊಟ್ಟವನು ಅದನ್ನು ಇಳಿಸುವುದಿಲ್ಲ, ತುದಿಗೇ ತಿರುಗಿಸಿಡುತ್ತಾನೆ.

ಕ್ಯಾಮೆರಾ ಮತ್ತು ಮೊಬೈಲಿನವರು ಈ ಮರುಳನ್ನು ಇನ್ನೂ ಬೆಳೆಸಿದ್ದಾರೆ. ನಿಕಾನ್ ಪಿ1000 ಕ್ಯಾಮೆರಾದ 125 ಎಕ್ಸ್ ಎಂಬುದು ಅದರ ಅತಿ ಅಗಲ ನೋಟಕ್ಕೂ ಅತಿ ಕಿರಿದು ನೋಟಕ್ಕೂ ಇರುವ ಅನುಪಾತ. ದುರ್ಬೀನಿನ ಎಂಟು ಎಕ್ಸ್ ಜೊತೆ ಅದನ್ನು ತೂಗಲು ಬರುವುದಿಲ್ಲ. ಜಾತ್ರೆ, ಸಂತೆಗಳಲ್ಲಿ ಅಂಗೈಯೊಳಗೆ ಅಡಗುವ ದುರ್ಬೀನಿನ ಮೇಲೆ 30×60 ಎಂದು ಅಚ್ಚಾಗಿರುತ್ತದೆ. 60 ಮಿಲಿಮೀಟರಿನ ಎರಡು ಗಾಜುಗಳನ್ನು ಅಕ್ಕಪಕ್ಕ ಇಟ್ಟರೆ ಹನ್ನೆರಡು ಸೆಂಟಿಮೀಟರ್ ಅಗಲವಾಗುತ್ತದೆ, ಅಂಗೈ ಸಾಲದು. ಅಳತೆಪಟ್ಟಿ ಹಿಡಿದರೆ ಬಯಲಾಗುವ ಸುಳ್ಳನ್ನು ನಾವು ಮಕ್ಕಳ ಕೈಗೆ ಕೊಡುತ್ತಿದ್ದೇವೆ.

ನೋಡುವುದನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಹುಟ್ಟಿದ್ದು 1931ರಲ್ಲಿ, ಸಂಸ್ಥಾನಗಳಲ್ಲಿ ಬೇಟೆಯೇ ಗತ್ತಾಗಿದ್ದ ಕಾಲದಲ್ಲಿ. ಅವರು ಹೆಸರು ಮಾಡಿದ್ದು ಕ್ಯಾಮೆರಾದಿಂದ. 1972ರಿಂದ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಂದ ದೇಶದಾಚೆಗೂ ಗೌರವ ಪಡೆದರು. 1983ರಲ್ಲಿ ಬಂದ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಅವರ ಆ ಕೆಲಸದ ದಾಖಲೆ. ಫಿಲ್ಮಿನ ಕಾಲದ ಆ ಚಿತ್ರಗಳಿಗೆ ಬೇಕಾಗಿದ್ದು ತಾಳ್ಮೆ, ಬೆಳಕಿನ ಅರಿವು, ಪ್ರಾಣಿಯ ನಡತೆಯ ಪರಿಚಯ. ಈ ಮೂರನ್ನೂ ಯಾವ ಅಂಗಡಿಯೂ ಪೆಟ್ಟಿಗೆಯಲ್ಲಿಟ್ಟು ಮಾರಲಾರದು.

ಅಂಥ ನೋಟಕ್ಕೆ ಕಾದಿರುವ ಸಂಪತ್ತು ನಮ್ಮ ಸುತ್ತ ಎಷ್ಟಿದೆ! ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ದೇಶದಲ್ಲೇ ಮೊದಲನೆಯದು. ನೀರುನಾಯಿಗಳು ಗುಂಪಿನಲ್ಲಿ ಈಜುತ್ತವೆ, ಮುಳುಗಿ ಎಲ್ಲೋ ಏಳುತ್ತವೆ. ಅಗಲ ನೋಟದ ದುರ್ಬೀನು ಇಲ್ಲದಿದ್ದರೆ ಒಂದೂ ಕಣ್ಣಿಗೆ ಸಿಗುವುದಿಲ್ಲ. ದರೋಜಿಯ ಬಂಡೆಗಳ ನಡುವೆ ಹಳದಿ ಕತ್ತಿನ ಪಿಕಳಾರ ಪೊದೆಯಿಂದ ಪೊದೆಗೆ ಹಾರುವುದು ಕ್ಷಣಮಾತ್ರ. ಅದನ್ನು ಹಿಡಿಯುವುದು ಎಂಟರ ಗಾಜು, ಇಪ್ಪತ್ತನಾಲ್ಕರದ್ದಲ್ಲ.

ಆದ್ದರಿಂದ ಕೊಳ್ಳುವವರು ಅಂಗಡಿಯಲ್ಲಿ ಎಕ್ಸ್ ಕೇಳುವುದನ್ನು ಬಿಡಲಿ. ಬೆಳಕಿನ ಬಿಲ್ಲೆ ಎಷ್ಟು, ನೂರು ಮೀಟರಿಗೆ ಹರವು ಎಷ್ಟು, ತೂಕ ಎಷ್ಟು, ಕನ್ನಡಕ ಹಾಕಿಕೊಂಡು ನೋಡಬಹುದೇ ಎಂದು ಕೇಳಲಿ. ಸಂಜೆ ಆರಕ್ಕೆ ಹೊರಗೆ ತಂದು ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳದಿರಲಿ. ರೈಫಲ್ ಕ್ರೀಡೆಗೆ ಹೋಗುವ ಮಕ್ಕಳು ಮೊದಲು ತೂತಿನ ಗುರಿಯಲ್ಲಿ ಕೈ ನಿಲ್ಲಿಸುವುದನ್ನು ಕಲಿಯಲಿ. ಅರಣ್ಯ ಇಲಾಖೆ ದರೋಜಿಯ ಗೋಪುರದಲ್ಲಿ ನಾಲ್ಕಾರು ಒಳ್ಳೆಯ 8×42 ದುರ್ಬೀನುಗಳನ್ನು ಇಟ್ಟು, ಕಂಪ್ಲಿ, ಸಂಡೂರಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಸರದಿಯಲ್ಲಿ ತೋರಿಸಲಿ. ಹೊಲದ ಅಂಚಿನಲ್ಲಿ ಕರಡಿಯ ಜೊತೆ ಬದುಕಬೇಕಾದವರು ಆ ಮಕ್ಕಳೇ. ಮರಿ ಹೊತ್ತ ತಾಯಿಕರಡಿ ಹೇಗೆ ನಡೆಯುತ್ತದೆ, ಯಾವ ಹೊತ್ತಿಗೆ ಯಾವ ದಾರಿ ಹಿಡಿಯುತ್ತದೆ ಎಂದು ಕಣ್ಣಾರೆ ಕಂಡು ಬೆಳೆದವರು ಅದನ್ನು ಕೊಲ್ಲಲು ಗಾಜು ಹುಡುಕುವುದಿಲ್ಲ, ಅದರಿಂದ ತಪ್ಪಿಸಿಕೊಳ್ಳಲೂ ಬಲ್ಲರು.